ಕೆಮ್ಮದ ದೆವ್ವ, ಉರಿಯುವ ಹೊಟ್ಟೆ

ಕಳೆದ ವಾರ ನನ್ನ ಹೆಂಡತಿ ನನ್ನ ಅಂಕಣ ಓದಲಿಲ್ಲ.

ನಿಮಗಿದು ಸಣ್ಣ ವಿಷಯ ಅನ್ನಿಸಬಹುದು. ಆದರೆ ನಾನು ಬರೆದದ್ದು ಪತ್ರಿಕೆಗೆ ಹೋಗುವ ಮುಂಚೆ ಅವಳ ಕೈ ದಾಟಿ ಹೋಗಬೇಕು. ಅವಳು ನಕ್ಕರೆ ಪಾಸು, ಸುಮ್ಮನಿದ್ದರೆ ಫೇಲು. ಈ ಸಲ ಹಾಳೆ ಮುಂದೆ ಹಿಡಿದರೆ ತಲೆಯನ್ನೂ ಎತ್ತಲಿಲ್ಲ.

"ಅಲ್ಲೇ ಇಡ್ರಿ. ಇಲ್ಲಿ ಒಬ್ಬಾಕಿ ಜೀವ ಹೋಗಾಕತ್ತೈತಿ."

ಅವಳ ಕೈಯಲ್ಲಿ ಕಪ್ಪು ಮುಖಪುಟದ ದಪ್ಪ ಕಾದಂಬರಿ. ಡಾರ್ಕ್ ಗಾಥಿಕ್ ಫ್ಯಾಂಟಸಿ ಅಂತೆ. (ಪಾಳು ಬಂಗಲೆ, ಶಾಪ, ಸತ್ತರೂ ಊರು ಬಿಡದ ಜನ, ಇವೆಲ್ಲ ಇದ್ದರೆ ಹಾಗನ್ನುತ್ತಾರೆ.) ಬರೆದವಳು ರಾಣೆಬೆನ್ನೂರಿನ ಬೀಜದ ಅಂಗಡಿಯವರ ಮಗಳು ಅರ್ಪಿತಾ. ಮೊದಲ ಪುಸ್ತಕ. ವಯಸ್ಸು ನನ್ನ ಅಂಕಣಕ್ಕಿಂತ ತುಸು ಹೆಚ್ಚು, ಅಷ್ಟೇ.

ಹೊಟ್ಟೆ ಉರಿಯಿತು. ಮುಚ್ಚಿಡುವುದೇಕೆ?

ಭಾನುವಾರ ಹೆಂಡತಿ ಕರ್ಜಗಿಯ ತವರಿಗೆ ಹೋದದ್ದೇ ತಡ, ಪೆನ್ಸಿಲ್ ಹಿಡಿದು ಕೂತೆ. ಓದಲಿಕ್ಕಲ್ಲ, ತಪ್ಪು ಹುಡುಕಲಿಕ್ಕೆ. ಕಥೆ ನಡೆಯುವುದು ಬ್ಯಾಡಗಿಯಲ್ಲಿ. ನಾನು ಹುಟ್ಟಿದ ಊರು! ನನ್ನ ಊರಿನಲ್ಲಿ ನನ್ನನ್ನು ಕೇಳದೆ ದೆವ್ವ ಸಾಕಿದ್ದಾಳೆ.

ಅವಳ ಪಾಳು ಬಂಗಲೆ ಯಾವುದು ಗೊತ್ತೇ? ಮೆಣಸಿನಕಾಯಿ ಇಡುವ ಒಂದು ಕೋಲ್ಡ್ ಸ್ಟೋರೇಜ್. ಕಿಟಕಿಯಿಲ್ಲದ ಗೋಡೆಗಳು, ಒಳಗೆ ಮೂಳೆ ಕೊರೆಯುವ ಥಂಡಿ, ಸೂರಿನವರೆಗೆ ಚೀಲಗಳು. ಆ ಚೀಲಗಳ ಹಿಂದೆ ಇರುವವರು ಮಾರ್ಕೆಟ್ಟಿನ ದಿನ ಹೊರಗೆ ಬಂದು ಜನರೊಳಗೆ ಬೆರೆಯುತ್ತಾರೆ. ನೋಡಲು ನಮ್ಮ ಹಾಗೆಯೇ. ಆದರೆ ಘಾಟಿಗೆ ಇಡೀ ಮಾರ್ಕೆಟ್ಟು ಕೆಮ್ಮುವಾಗ ಅವರು ಮಾತ್ರ ಕೆಮ್ಮುವುದಿಲ್ಲ. ಯಾಕೆ? ಉಸಿರೇ ಇಲ್ಲವಲ್ಲ!

ಪೆನ್ಸಿಲ್ ಕೆಳಗಿಟ್ಟೆ. ಆ ಘಾಟಿನಲ್ಲಿ ಕೆಮ್ಮಿ ಕೆಮ್ಮಿ ಬೆಳೆದವನು ನಾನು. ಅಂಥದೇ ಗೋಡೆಗೆ ಸೈಕಲ್ ಆನಿಸಿ ಚಹಾ ಕುಡಿದವನು ನಾನು. ಇದು ನನಗೇಕೆ ಹೊಳೆಯಲಿಲ್ಲ? ಮಟಮಟ ಮಧ್ಯಾಹ್ನ, ಪಕ್ಕದ ಮನೆಯ ಟೀವಿ ಕಿರುಚುತ್ತಿದೆ, ಆದರೂ ಹಿತ್ತಲಿಗೆ ಒಬ್ಬನೇ ಹೋಗಲು ಅಳುಕು. ಎಷ್ಟು ಚೆನ್ನಾಗಿ ಹೆದರಿಸಿದ್ದಾಳೆ, ಹಾಳಾದ ಹುಡುಗಿ!

ಕೊನೆಗೂ ಒಂದು ತಪ್ಪು ಸಿಕ್ಕಿತು. ಅದನ್ನು ಜೋಪಾನವಾಗಿ ಇಟ್ಟುಕೊಂಡೆ. ಯಾಕೆಂದರೆ ಬ್ಯಾಡಗಿಯಲ್ಲಿ ಆ ಪುಸ್ತಕದ ಬಗ್ಗೆ ಮಾತಾಡಲು ನನ್ನನ್ನೇ ಕರೆದಿದ್ದರು. (ಕರೆದವರಿಗೆ ನನ್ನ ಹೊಟ್ಟೆಯ ಸ್ಥಿತಿ ಗೊತ್ತಿರಲಿಲ್ಲ.)

ಕಾರ್ಯಕ್ರಮಕ್ಕೆ ಮುಂಚೆ ಅರ್ಪಿತಾ ಬಂದು ಕೈ ಮುಗಿದಳು. "ನಮ್ಮ ಅಜ್ಜಿ ನಿಮ್ಮ ಅಂಕಣ ಒಂದು ವಾರನೂ ಬಿಡಂಗಿಲ್ರಿ ಸರ್."

ಅಜ್ಜಿ! ಇದ್ದ ಚೂರುಪಾರು ಕರುಣೆಯೂ ಹೋಯಿತು.

ಮೈಕ್ ಹಿಡಿದು ಕೇಳಿಯೇಬಿಟ್ಟೆ. "ಅಲ್ಲವ್ವಾ ತಂಗಿ, ಇಲ್ಲಿ ದಿನಾ ಚೀಲ ಹೊರೋ ಮಂದಿಗೆ ಘಾಟು ರೂಢಿ ಆಗಿರತೈತಿ. ಅವರೂ ಕೆಮ್ಮಂಗಿಲ್ಲ. ಹಂಗಾರ ಅವರೂ ದೆವ್ವ ಏನು?"

ಸಭೆ ನಕ್ಕಿತು. ಗೆದ್ದೆ ಅಂದುಕೊಂಡೆ.

"ಎರಡನೇ ಭಾಗ ಅದರ ಮ್ಯಾಲೇ ಬರಿಯಾಕತ್ತೇನ್ರಿ ಸರ್," ಎಂದಳು ಹುಡುಗಿ, ತಣ್ಣಗೆ. "ಊರ ಮಂದಿಗೆಲ್ಲಾ ಘಾಟು ರೂಢಿ ಆಗಿಬಿಡತೈತಿ. ಆಮ್ಯಾಲೆ ಯಾರು ಬದುಕ್ಯಾರ, ಯಾರು ಸತ್ತಾರ, ಯಾರಿಗೂ ತಿಳಿಯಂಗಿಲ್ಲ."

ನಗು ನಿಂತಿತು. ಮುಂದಿನ ಸಾಲಿನ ಒಬ್ಬರು ಬೇಕಂತಲೇ ಕೆಮ್ಮಿದರು. ಪಕ್ಕದವರೂ ಕೆಮ್ಮಿದರು. ಆಮೇಲೆ ಚಪ್ಪಾಳೆ. ನನಗಲ್ಲ.

'ಈಗಿನವರು ಏನು ಬರೀತಾರೆ ಬಿಡಿ' ಅಂತ ನಾವು ಹಳಬರು ಮೂಗು ಮುರಿಯುತ್ತೇವೆ. ಓದಿ ಅಲ್ಲ, ಓದದೆ. ಓದಿದರೆ ಇಷ್ಟವಾಗಿಬಿಟ್ಟೀತು ಎಂಬ ಹೆದರಿಕೆಯಿಂದ. ಹೊಸಬರ ಪುಸ್ತಕ ಚೆನ್ನಾಗಿಲ್ಲದಿದ್ದರೆ ಎಷ್ಟು ನೆಮ್ಮದಿ, ಅಲ್ಲವೇ?

ಹಾವೇರಿಯ ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ನನ್ನ ಭಾಷಣ ಹೇಗಾಯಿತು ಅಂತ ಕೇಳಿದಳೇ? ಇಲ್ಲ.

"ಎರಡನೇ ಭಾಗ ಯಾವಾಗ ಬರತೈತಂತ?"

"ಯಾರಿಗೆ ಗೊತ್ತು," ಅಂದೆ.

ಅರ್ಪಿತಾಳನ್ನು ಕಾಡಿ ಬೇಡಿ, ಬರೆದಷ್ಟನ್ನೂ ಫೋನಿಗೆ ಹಾಕಿಸಿಕೊಂಡು ಬಸ್ಸಿನಲ್ಲೇ ಓದಿ ಮುಗಿಸಿದ್ದೆ. ಈಗ ನೀವೇ ಹೇಳಿ: ಅದನ್ನು ಹೆಂಡತಿಗೆ ಹೇಳಿ ಅವಳ ಹೊಟ್ಟೆ ಉರಿಸಲೇ, ಹೇಳದೆ ಒಬ್ಬನೇ ಸುಖಪಡಲೇ?