ಇನ್ನೂರಿಪ್ಪತ್ತರವಳ ಗಂಡ

ಒಗ್ವೆನೊ ಅತ್ತಿದ್ದನ್ನು ಕಿಬುಯೆ ಸಂತೆಯಲ್ಲಿ ಯಾರೂ ಕಂಡಿಲ್ಲ. ಅವನ ರಿಪೇರಿ ಅಂಗಡಿಗೆ ಅಂಟಿಕೊಂಡೇ ನನ್ನ ಹೊಲಿಗೆ ಯಂತ್ರ. ಇಪ್ಪತ್ತಾರು ವರ್ಷ ಪಕ್ಕದಲ್ಲಿ ಕೂತ ನಾನೇ ಕಂಡಿಲ್ಲ ಅಂದಮೇಲೆ ಬೇರೆಯವರ ಮಾತೇಕೆ? ರೇಡಿಯೊ ತರಲಿ, ಗಾಜಿನ ಬುರುಡೆಯಂಥ ವಾಲ್ವ್ ಹಾಕಿದ ಗಿಟಾರ್ ಆಂಪ್ಲಿಫೈಯರ್ ತರಲಿ, ಮೊದಲು ಮೂಸಿ ನೋಡುತ್ತಿದ್ದ. ಸುಟ್ಟ ವಾಸನೆ ಬಂದರೆ ತಂದವನಿಗೆ ಅಲ್ಲೇ ಮಂಗಳಾರತಿ.

ಅವನ ಪ್ಯಾಂಟುಗಳ ಎಡಜೇಬು ಮಾತ್ರ ವರ್ಷಕ್ಕೆರಡು ಸಲ ಹರಿಯುತ್ತಿತ್ತು. ತೆರೆದ ಆಂಪ್ಲಿಫೈಯರಿನ ಮುಂದೆ ಕೂತರೆ ಎಡಗೈ ಜೇಬಿನೊಳಗೇ ಇರಬೇಕು ಎಂಬುದು ಅವನ ವ್ರತ. ಎರಡೂ ಕೈ ಒಳಗಿಟ್ಟರೆ ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೇಲೇ ಹಾದು ಹೋಗುತ್ತದಂತೆ. ಆ ಜೇಬುಗಳನ್ನೆಲ್ಲ ಹೊಲಿದುಕೊಟ್ಟವನು ನಾನು.

ಅವನ ಹೆಂಡತಿ ಅಪೋಂಡಿ, ಸೆಮೆ ಎಂಬ ಸೀಮೆಯವಳು. ಊರಿಗೆಲ್ಲ ಅವಳು ಸೆಮೆಯ ಮಗಳು. ಗಿಟಾರು ಹಿಡಿದು ಹಾಡುತ್ತಿದ್ದಳು, ಬೆಂಗಾ ಎಂಬ ನಮ್ಮ ಕಡೆಯ ಕುಣಿತದ ಹಾಡು ನುಡಿಸುವ ಆರು ಜನ ಗಂಡಸರ ತಂಡವನ್ನು ಕಿವಿ ಹಿಂಡಿ ನಡೆಸುತ್ತಿದ್ದಳು. ಅವಳ ಆಂಪ್ಲಿಫೈಯರಿನ ಹೊಟ್ಟೆಯೊಳಗೆ ಒಂದು ತಿರುಗಣೆ ಇತ್ತು, ಯಾವ ದೇಶದ ಕರೆಂಟಿಗೆ ಬೇಕೋ ಆ ಅಂಕಿಗೆ ಬಾಣ ತಿರುಗಿಸಲು. ನಮ್ಮ ಲೈನು ಇನ್ನೂರ ನಲವತ್ತು. ಬಾಣವನ್ನು ಇನ್ನೂರ ಇಪ್ಪತ್ತರಲ್ಲಿಟ್ಟರೆ ವಾಲ್ವುಗಳಿಗೆ ಹದ ಮೀರಿ ಕಾವು. ಸದ್ದು ಗಟ್ಟಿ, ಆಯುಷ್ಯ ಕಡಿಮೆ. ಕೆಲವರ ಮನೆಯಲ್ಲಿ ಉಪ್ಪಿಗೆ ಜಗಳ ಆಗುತ್ತದೆ, ಇವರ ಮನೆಯಲ್ಲಿ ಈ ಇಪ್ಪತ್ತು ವೋಲ್ಟಿಗೆ.

"ಮತ್ತೆ ತಿರುಗಿಸಿದ್ದೀಯಾ?" ಎಂದು ಅವನು.

"ನಾನ್ಯಾಕೆ ತಿರುಗಿಸ್ಲಿ? ಬೆಕ್ಕು ತಿರುಗಿಸಿರಬೇಕು."

"ವಾಲ್ವು ವರ್ಷ ತುಂಬೋದ್ರೊಳಗೆ ಸಾಯುತ್ತೆ ಕಣೇ."

"ಸಾಯ್ಲಿ ಬಿಡು. ನಿನ್ನ ಇನ್ನೂರ ನಲವತ್ತರಲ್ಲಿ ನನ್ನ ಗಿಟಾರು ನೆಗಡಿಯಾದೋರ ಥರ ಹಾಡುತ್ತೆ."

ಒಂದು ದಿನ ಅವಳು ಮೀನು ಕೊಯ್ಯುವ ಚಾಕುವಿನಲ್ಲಿ ಆ ಬಾಣ ತಿರುಗಿಸುತ್ತಿದ್ದುದನ್ನು ಅವನು ಕಂಡ. ಪ್ಲಗ್ಗು ಇನ್ನೂ ಗೋಡೆಯಲ್ಲೇ ಇತ್ತು. ಅವನು ಕೂಗಲಿಲ್ಲ. ಪ್ಲಗ್ಗು ಕಿತ್ತ, ಅವಳನ್ನು ಅಂಗಡಿಗೆ ಕರೆತಂದು ಕೂರಿಸಿದ. ಅವನ ಮುಖ ಸುಣ್ಣದ ಹಾಗಾಗಿತ್ತು.

"ಹೇಗಿದ್ರೂ ನನ್ನ ಮಾತು ಕೇಳೋಳಲ್ಲ ನೀನು. ಸಾಯದೆ ಮಾಡೋದಾದ್ರೂ ಕಲ್ತ್ಕೋ. ಪ್ಲಗ್ಗು ಕಿತ್ತು ಕಣ್ಣೆದುರಿಗೆ ಇಟ್ಕೋ. ಕಿತ್ತಮೇಲೂ ಈ ಕೆಪಾಸಿಟರೊಳಗೆ ನಾನೂರು ವೋಲ್ಟು ಕೂತಿರುತ್ತೆ, ನೆನಪಿರಲಿ. ಈ ವೈರಿನ ಕರಿ ಕ್ಲಿಪ್ಪು ಮೊದಲು ಒಳಗಿನ ತಗಡಿಗೆ, ಆಮೇಲೆ ಕೆಂಪು ಕ್ಲಿಪ್ಪು ಕೆಪಾಸಿಟರಿಗೆ. ಹಾಗೇ ಬಿಡು, ಇಳೀಲಿ. ಮೀಟರು ಸೊನ್ನೆ ತೋರಿಸಿದ್ಮೇಲೇ ಬಾಣ ಮುಟ್ಟೋದು. ಕೊನೇಗೆ ಕ್ಲಿಪ್ಪು ತೆಗೆಯೋದು ಮರೀಬೇಡ. ಮರೆತು ಸ್ವಿಚ್ ಹಾಕಿದ್ರೆ ಹೊಗೆ."

"ಎಡಗೈ?"

"ಜೇಬಲ್ಲಿ."

"ನನ್ನ ಲಂಗಕ್ಕೆ ಜೇಬೆಲ್ಲಿದೆಯಪ್ಪಾ?"

ಮಾರನೆಯ ದಿನ ನಾನು ಅವಳ ಲಂಗಕ್ಕೆ ಒಂದು ಜೇಬು ಹೊಲಿದೆ. ಆಮೇಲೆ ಇಪ್ಪತ್ತು ವರ್ಷ ಅದೇ ಆಟ. ಅವನು ಇನ್ನೂರ ನಲವತ್ತಕ್ಕೆ, ಅವಳು ಇನ್ನೂರ ಇಪ್ಪತ್ತಕ್ಕೆ. ಒಮ್ಮೆಯೂ ಅವಳು ಸೋಲಲಿಲ್ಲ.

ಹೋದ ವರ್ಷ ಅವಳ ಹೊಟ್ಟೆಯಲ್ಲಿ ಗಡ್ಡೆ ಎಂದರು. ಆಸ್ಪತ್ರೆಯವರು ಮನೆಗೆ ಕಳಿಸಿದ ಮೇಲೆ ನಮ್ಮೆಲ್ಲರ ಮುಂದೆಯೇ ಗಂಡನಿಗೆ ಹೇಳಿದಳು: "ನನ್ನ ಮಣ್ಣಿಗೆ ಹಾಡು ನನ್ನ ಆಂಪ್ಲಿಫೈಯರ್ ಡಬ್ಬದಲ್ಲೇ ಬರ್ಬೇಕು. ಬಾಡಿಗೆ ಡಬ್ಬ ಏನಾದ್ರೂ ತಂದೆಯೋ, ಎದ್ದು ಬರ್ತೀನಿ." ಅವನು ಆಗಲಿ ಎಂದ. ಅವಳು ಅವನಿಂದ ಕೇಳಿ ಮಾತು ತೆಗೆದುಕೊಂಡಿದ್ದು ಅದೊಂದೇ.

ಅವಳು ತೀರಿಕೊಂಡ ವಾರ, ಶುಕ್ರವಾರ ಮಧ್ಯಾಹ್ನ ಶವ ಅಲೇಗೊದಲ್ಲಿನ ಅವನ ಹುಟ್ಟೂರ ಮನೆಯಂಗಳಕ್ಕೆ ಬಂತು. ಅವನು ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಕೈ ಕೊಟ್ಟೆ, ಕೊರಡು ಹಿಡಿದ ಹಾಗಿತ್ತು. ಹೆಂಗಸರು ಅಂಗಳದ ತುಂಬ ಗೋಳಾಡುತ್ತಿದ್ದರು, ಅವನು ಅವರನ್ನು ಬಸ್ಸಿಗೆ ಕಾಯುವವನಂತೆ ನೋಡುತ್ತಿದ್ದ. ನಿಜ ಹೇಳಬೇಕೆಂದರೆ ನನಗೂ ಏನೂ ಅನ್ನಿಸುತ್ತಿರಲಿಲ್ಲ.

ತಂಡದ ಗಿಟಾರಿನವ ಒಕುಮು ಅವಳ ಆಂಪ್ಲಿಫೈಯರ್ ಇಳಿಸಿ ಜನರೇಟರಿಗೆ ಸಿಕ್ಕಿಸಲು ಹೋದ. ಒಗ್ವೆನೊ ಕುರ್ಚಿಯಿಂದಲೇ ತಡೆದ.

"ಮುಟ್ಬೇಡ. ಮೀಟರು ತಾ."

ಜನರೇಟರು ಇನ್ನೂರ ಐವತ್ತಾರು ತೋರಿಸಿತು.

"ಅವಳ ಡಬ್ಬ ಇನ್ನೂರಿಪ್ಪತ್ತರಲ್ಲಿರುತ್ತೆ. ಇದಕ್ಕೆ ಹಾಕಿದ್ರೆ ಅರ್ಧ ಹಾಡಿಗೇ ವಾಲ್ವು ಹೋಯ್ತು. ನಾನು ಬಿಚ್ಚಬೇಕು."

ಅವನ ಅಣ್ಣ ಅಬಿಯೆರೊ ಅಡ್ಡ ಬಂದ. "ಹೆಣ ಬಿಟ್ಟು ಏಳ್ತೀಯೇನೋ? ಜನ ಏನಂತಾರೆ?"

"ಇವತ್ತಿಗೂ ಅವಳದೇ ಮಾತು ಅಣ್ಣಾ. ಒಂದು ಘಳಿಗೆ, ಬಂದೆ."

ಮಾವಿನ ಮರದ ಕೆಳಗೆ ಚಾಪೆ ಹಾಸಿದೆವು. ಪ್ಲಗ್ಗನ್ನು ಮಂಡಿಯ ಮುಂದಿಟ್ಟುಕೊಂಡು, ಎಡಗೈ ಜೇಬಿಗಿಳಿಸಿ ಒಂದೊಂದೇ ತಿರುಪು ಬಿಚ್ಚಿದ. ಮುಚ್ಚಳ ಎತ್ತಿದವನು ಹಾಗೇ ಕೂತುಬಿಟ್ಟ. ನಾನು ಬಗ್ಗಿ ನೋಡಿದೆ.

ಬಾಣ ಇನ್ನೂರ ನಲವತ್ತರಲ್ಲಿತ್ತು.

ಕ್ಲಿಪ್ಪಿನ ವೈರೂ ಒಳಗೇ ಇತ್ತು. ಕರಿಯದು ತಗಡಿಗೆ, ಕೆಂಪು ಕೆಪಾಸಿಟರಿಗೆ, ಅವನು ಕಲಿಸಿದ ಹಾಗೇ. ಕ್ಲಿಪ್ಪುಗಳ ಹಿಡಿಗೆ ನೀಲಿ ದಾರ ಸುತ್ತಿತ್ತು. ಆ ದಾರ ನನ್ನದು. ಬೆರಳು ಜಾರುತ್ತೆ, ಏನನ್ನೋ ಬಿಗಿಯಾಗಿ ಹಿಡೀಬೇಕು ಅಂತ ಹದಿನೈದು ದಿನದ ಹಿಂದೆ ಇಸಿದುಕೊಂಡಿದ್ದಳು. ಗಂಜಿಯ ಲೋಟ ಹಿಡಿಯಲಾಗದ ಕೈಯಲ್ಲಿ ಬಾಣ ತಿರುಗಿಸಿದ್ದಾಳೆ, ತಿರುಪುಗಳನ್ನೂ ಬಿಗಿದಿದ್ದಾಳೆ. ಕ್ಲಿಪ್ಪು ತೆಗೆಯುವುದೊಂದನ್ನು ಮರೆತಿದ್ದಾಳೆ.

"ಜನರೇಟರು ತರ್ತಾರೆ, ಇನ್ನೂರ ನಲವತ್ತರಲ್ಲಾದ್ರೆ ವಾಲ್ವು ತಡೆಯುತ್ತೆ ಅಂತ ಗೊತ್ತಿತ್ತು ಅವಳಿಗೆ," ಎಂದ ಒಗ್ವೆನೊ. ದನಿಯಲ್ಲಿ ಏರಿಲ್ಲ, ಇಳಿವಿಲ್ಲ.

ಆದರೂ ಮೀಟರು ಇಟ್ಟು ನೋಡಿದ. ಸೊನ್ನೆ. ಕ್ಲಿಪ್ಪು ಬಿಡಿಸಿ ಎಡಜೇಬಿಗೆ ಹಾಕಿಕೊಂಡ. ಫ್ಯೂಸು ನೋಡಿದ, ಮುಚ್ಚಳ ಹಾಕಿದ, ಪ್ಲಗ್ಗು ಕೊಟ್ಟ. ವಾಲ್ವುಗಳು ನಿಧಾನಕ್ಕೆ ಕೆಂಪಾದವು. ಅವನು ಹೋಗಿ ಕುರ್ಚಿಯಲ್ಲಿ ಕೂತ.

ಒಕುಮು ಅವಳ ಹಾಡು ಎತ್ತಿಕೊಂಡ. ಸದ್ದು ಮೆತ್ತಗೆ, ಸಭ್ಯವಾಗಿ ಬಂತು. ಜನರಿಗೆ ಹಿಡಿಸಲಿಲ್ಲ.

"ಏನೋ ಇದು? ಸೆಮೆ ಮಗಳ ಸಾವೋ, ಸೊಳ್ಳೆ ಸಾವೋ?"

ಒಕುಮು ಕುರ್ಚಿಯ ಕಡೆ ನೋಡಿದ. "ಇನ್ನೂರಿಪ್ಪತ್ತಕ್ಕೆ ತಿರುಗಿಸಿ ಒಂದು ಹಾಡು ಹೊಡೆಯೋಣವಾ ಅಣ್ಣಾ? ಸುಟ್ರೆ ಸುಡ್ಲಿ."

"ಬೇಡ. ಅವಳಿಟ್ಟಿದ್ದು ಹಾಗೇ ಇರ್ಲಿ."

ಹಾಡಿನ ನಡುವೆ ಪಾಕ್ರುವೋಕ್ ಶುರುವಾಯಿತು. ಚಿಲ್ಲರೆ ಹಾಕಿ ಹಾಡು ನಿಲ್ಲಿಸಿ, ಮೈಕು ಹಿಡಿದು ತನ್ನನ್ನು ತಾನೇ ಹೊಗಳಿಕೊಳ್ಳುವುದು ಸಾವಿನ ಮನೆಯಲ್ಲೂ ನಮ್ಮವರಿಗೆ ಬಿಡಲಾಗದ ಚಟ. ಒಬ್ಬ ತಾನು ಆನೆಯ ಅಳಿಯ ಎಂದ. ಇನ್ನೊಬ್ಬ ಸರೋವರ ಕುಡಿದವನು ತಾನೇ ಎಂದ. ಒಗ್ವೆನೊ ಜನ್ಮದಲ್ಲಿ ಮೈಕು ಮುಟ್ಟಿದವನಲ್ಲ, ಮೈಕು ರಿಪೇರಿಗೆ ಬಂದಾಗ ಬಿಟ್ಟರೆ. ಅವನು ಎದ್ದು ಬಂದು ಒಂದು ನಾಣ್ಯ ಹಾಕಿದಾಗ ಅಂಗಳವೇ ಅತ್ತ ತಿರುಗಿತು.

ವಾಡಿಕೆಯಂತೆ ಒಕುಮು ಕೇಳಿದ: "ಬಂದವನು ಯಾರು?"

"ಇನ್ನೂರಿಪ್ಪತ್ತರವಳ ಗಂಡ."

ಜನ ಹೋ ಎಂದರು. ಡ್ರಮ್ಮಿನವ ಒಂದು ಏಟು ಹಾಕಿದ.

"ಮತ್ತೇನು ನಿನ್ನ ಹಿರಿಮೆ?"

"ಇಪ್ಪತ್ತು ವರ್ಷ ಹೇಳ್ದೆ, ಒಂದಿನಾನೂ ಕೇಳ್ಲಿಲ್ಲ." ಅವನು ಪೆಟ್ಟಿಗೆಯ ಕಡೆ ತಿರುಗಿದ. "ಕೊನೇಗೆ ಕೇಳಿದ್ಲು. ಕೇಳ್ಬಾರ್ದಿತ್ತು."

ಡ್ರಮ್ಮಿನವನ ಕೋಲು ಎತ್ತಿದಲ್ಲೇ ನಿಂತಿತು. ಒಗ್ವೆನೊ ಮೈಕನ್ನು ಒಕುಮುವಿನ ಕೈಗೆ ಕೊಟ್ಟು ಕುರ್ಚಿಗೆ ಹೋಗಿ ಕೂತ. ಅವನ ಎಡಗೈ ಇನ್ನೂ ಜೇಬಿನಲ್ಲೇ ಇತ್ತು, ಆ ಕ್ಲಿಪ್ಪುಗಳನ್ನು ಹಿಡಿದು ಮುಷ್ಟಿ ಕಟ್ಟಿಕೊಂಡು.