ಕರೆಂಟ್ ಹೋದರೆ ವಿಮಾನಕ್ಕೆ ಇಂಧನ ಹಾಕುವವರು ಯಾರು?

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಬಯಲಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಊರಾಚೆಯ ಪುಟ್ಟ ವಿಮಾನ ನಿಲ್ದಾಣದಲ್ಲಿ ಒಪಲ್ ಹ್ರುಸ್ಕಾ ಏಣಿ ಹತ್ತಿ, ವಿಮಾನದ ರೆಕ್ಕೆಯೊಳಗಿನ ಇಂಧನದ ಟ್ಯಾಂಕಿಗೆ ಅಳತೆ ಕಡ್ಡಿ ಇಳಿಸಿ ನೋಡುತ್ತಾರೆ. ಅರ್ಧವೇ ಇದೆ. "ಅದೇ ರಾಗ, ಅದೇ ಹಾಡು," ಎಂದು ಹಲ್ಲು ಕಡಿಯುತ್ತಾ ಇಳಿಯುತ್ತಾರೆ.

ವಾರವಿಡೀ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಮಾಂಸದ ಸಾರು, ದಾಲ್ಚಿನ್ನಿ ಬನ್ ಬಡಿಸುವ ಒಪಲ್, ರಜಾದಿನಗಳಲ್ಲಿ ಇಲ್ಲಿನ ಸ್ವಯಂಸೇವಕ ವಿಮಾನ ದಳದ ತುರ್ತು ಯೋಜನೆ ನೋಡಿಕೊಳ್ಳುತ್ತಾರೆ. ಪ್ರವಾಹವೋ ಸುಂಟರಗಾಳಿಯೋ ಬಂದಾಗ ಯಾರನ್ನು ಕರೆಯಬೇಕು, ಸಿಲುಕಿದವರನ್ನು ಹುಡುಕಲು ವಿಮಾನ ಎತ್ತ ಹಾರಬೇಕು ಎಂಬುದೆಲ್ಲ ಇವರ ತಲೆನೋವು. ಸಂಬಳವಿಲ್ಲ. ಹಾರುವವರ ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ಇವರದು ಬರುವುದಿಲ್ಲ. ಅದಕ್ಕೆ ಬೇಸರವೂ ಇಲ್ಲ. ಸಿಟ್ಟಿರುವುದು ಬೇರೆಯದಕ್ಕೆ.

ದಳದಲ್ಲೊಂದು ರೂಢಿ. ಟ್ಯಾಂಕ್ ತುಂಬಿಸಿದರೆ ಮೂವರು ಕೂತಾಗ ಭಾರ ಮಿತಿಮೀರುತ್ತದೆಂದು ವಿಮಾನವನ್ನು ಅರ್ಧ ಇಂಧನದಲ್ಲೇ ನಿಲ್ಲಿಸಿರುತ್ತಾರೆ. ದೂರ ಹೋಗುವುದಿದ್ದರೆ ಒಬ್ಬರನ್ನು ಇಳಿಸಿ ಪಂಪಿನಿಂದ ತುಂಬಿಸಿಕೊಂಡರಾಯಿತು. ಹೋದ ವಸಂತದಲ್ಲಿ ಹೊಳೆ ಉಕ್ಕಿತು, ಕರೆಂಟ್ ಹೋಯಿತು, ಪಂಪು ನಿಂತಿತು. ವಿಮಾನ ಇದ್ದ ಅರ್ಧ ಇಂಧನದಲ್ಲಿ ಹೊಳೆಯ ಮೇಲ್ಭಾಗವನ್ನಷ್ಟೇ ಹುಡುಕಿ ವಾಪಸಾಯಿತು. ಕೆಳಭಾಗದಲ್ಲಿ ಆಲ್ಮಾ ಸೆವ್ಚಿಕ್ ಎಂಬ ರೈತ ಮಹಿಳೆ ಗಂಡನೊಂದಿಗೆ ಕೊಟ್ಟಿಗೆಯ ಚಾವಣಿ ಹತ್ತಿ ಕೂತಿದ್ದರು. ಮರುದಿನ ದೋಣಿ ತಲುಪಿದಾಗ ಚಾವಣಿಯ ಮೇಲೆ ಗಂಡ ಒಬ್ಬರೇ ಇದ್ದರು.

"ಯೋಜನೆ ಬರೆದೋಳು ನಾನೇ. ವರ್ಷ ವರ್ಷ ತಾಲೀಮು ಮಾಡಿಸಿದೋಳೂ ನಾನೇ. ದೀಪ ಉರೀತಿರುವಾಗ್ಲೇ ಪ್ರವಾಹದ ತಾಲೀಮು ಮಾಡ್ತಿದ್ವಿ, ಥೂ!" ಎನ್ನುತ್ತಾರೆ ಒಪಲ್. "ಹೊಳೆ ಉಕ್ಕಿದ್ರೆ ಕರೆಂಟೂ ಹೋಗುತ್ತೆ ಅಂತ ನನಗೆ ಹೊಳೀಲಿಲ್ಲ, ಒಪ್ಕೋತೀನಿ. ಗೊತ್ತಾದ್ಮೇಲೂ ಕಣ್ಮುಚ್ಕೊಂಡು ಕೂತಿರೋರಿಗೆ ಏನನ್ನೋಣ ಹೇಳಿ?"

ಕೈಯಲ್ಲಿ ತಿರುಗಿಸುವ ಪಂಪೊಂದನ್ನು ಅವರು ಕೇಳಿ ವರ್ಷವಾಗುತ್ತ ಬಂತು. ದಳದ ಸಭೆಯಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ಹೊಸ ಸಮವಸ್ತ್ರದ ಬಣ್ಣದ ಮಾತು ತೆಗೆಯುತ್ತಾರೆ. ನಾಚಿಕೆಗೇಡು!

ಇಂದು ವಾರ್ಷಿಕ ತಾಲೀಮು. ಅದನ್ನು ನೋಡಲು ಬಂದ ಅತಿಥಿಗಳು ಕಾಫಿ ಹಿಡಿದು ಕುರ್ಚಿಗಳಲ್ಲಿ ಕೂತಿದ್ದಾರೆ. ಒಪಲ್ ಸೀದಾ ಹೋಗಿ ನಿಲ್ದಾಣದ ಮುಖ್ಯ ಸ್ವಿಚ್ ಇಳಿಸುತ್ತಾರೆ.

ದಳದ ಮುಖ್ಯಸ್ಥ ಡ್ವೇನ್ ಓಡಿಬರುತ್ತಾರೆ. "ತಲೆ ಕೆಟ್ಟಿದ್ಯಾ ಒಪಲ್? ಕರೆಂಟ್ ಹಾಕು ಮಾರಾಯ್ತಿ! ಇಂಧನ ತುಂಬಿಸ್ಬೇಕು, ದೊಡ್ಡವರೆಲ್ಲ ಕಾಯ್ತಿದ್ದಾರೆ."

"ಕಾಯ್ಲಿ ಡ್ವೇನ್." ಒಪಲ್ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. "ಆಲ್ಮಾ ಆ ಚಳೀಲಿ, ಚಾವಣಿ ಮೇಲೆ, ರಾತ್ರಿಯೆಲ್ಲ ಕಾದಳು. ಇವರಿಗೆ ಕಾಫಿ ಕುಡ್ಕೊಂಡು ಕಾಯೋಕೇನು ಧಾಡಿ?"