ಫಕ್ಕೀರಜ್ಜ ಕಳಿಸದ ಸೀರೆ

ನನ್ನ ಆಯಿ ಸಾಯುವವರೆಗೂ ತನ್ನ ತಮ್ಮ ಬದುಕಿದ್ದಾನೆಂದೇ ನಂಬಿದ್ದಳು. ನಂಬಿಸಿದವಳು ನಾನು.

ಆಯಿ ನನ್ನ ತಂದೆಯ ತಾಯಿ. ಬೆಟಗೇರಿಯ ನಮ್ಮ ಓಣಿಯಲ್ಲಿ ರಾಟಿ ತಿರುಗಿಸಿ, ಮಗ್ಗಗಳಿಗೆ ನೂಲು ಸುತ್ತಿಕೊಟ್ಟೇ ಮನೆ ನಡೆಸಿದವಳು. ತವರು ಶಿರಹಟ್ಟಿ. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮ ಫಕ್ಕೀರಪ್ಪನನ್ನು ಬಗಲಲ್ಲಿ ಹೊತ್ತು ಬೆಳೆಸಿದ್ದಳು. ಪ್ರತಿ ನಾಗರಪಂಚಮಿಗೆ ಫಕ್ಕೀರಜ್ಜ ಬರುತ್ತಿದ್ದ — ಅಂಚಿಗೆ ಕುಂಕುಮ ಹಚ್ಚಿದ ಸೀರೆ, ಅದರ ಮೇಲೊಂದು ಕುಬಸದ ಖಣ.

"ಅಕ್ಕಾ, ಉಂಡಿ ಕಲ್ಲಾಗ್ಯಾವ. ಒಂದ್ ಸುತ್ತಿಗಿ ಕೊಡು" ಎನ್ನುತ್ತಲೇ ನಾಲ್ಕು ತಿನ್ನುತ್ತಿದ್ದ.

"ಬಾಯಾಗ ಹಲ್ಲಿಲ್ಲ, ಉಂಡಿಗೆ ಹೆಸರಿಡತಾನ ಖೋಡಿ" ಎಂದು ನಗುತ್ತ ಆಯಿ ಐದನೆಯದನ್ನು ತಾಟಿಗೆ ಹಾಕುತ್ತಿದ್ದಳು. ಆ ನಗುವನ್ನು ಅವಳು ಬೇರೆ ಯಾರೆದುರೂ ನಕ್ಕಿದ್ದನ್ನು ನಾನು ಕೇಳಿಲ್ಲ.

ಅವನು ತೀರಿಕೊಂಡ ಸುದ್ದಿ ಬಂದಾಗ ಆಯಿ ಜಾರಿಬಿದ್ದು, ಸೊಂಟ ಮುರಿದು ಹಾಸಿಗೆಯಲ್ಲಿದ್ದಳು. ಹೇಳಿಬಿಡೋಣ ಎಂದ ಅಪ್ಪ. ಎದ್ದು ಓಡಾಡಲಿ, ಆಮೇಲೆ ಹೇಳಿದರಾಯಿತು ಎಂದು ತಡೆದವಳು ನಾನೇ. ಫಕ್ಕೀರಜ್ಜನ ಮಗ ಬಸಣ್ಣಮಾವ ಅತ್ತೆಯನ್ನು ನೋಡಲು ಬರುತ್ತೇನೆ ಎಂದು ಫೋನ್ ಮಾಡಿದರು. "ಈಗ ಬರಬ್ಯಾಡ್ರಿ ಮಾವಾ, ನಿಮ್ಮ ಮಾರಿ ನೋಡಿದ್ರ ಆಯಿಗೆ ಸಂಕಟ ಹೆಚ್ಚಾಗತೈತಿ" ಎಂದೆ. ಆಯಿಗೆ ಸಾವು ಗೊತ್ತಿದೆ ಎಂದೇ ಅವರು ತಿಳಿದರು. ಹಾಗೆ ತಿಳಿಯಲೆಂದೇ ನಾನು ಹೇಳಿದ್ದೆ; ಮುಂದೆ ಅವರು ಕೇಳಿದಾಗಲೆಲ್ಲ ಹೀಗೇ ತಡೆದೆ.

ತಿಂಗಳಲ್ಲಿ ಪಂಚಮಿ ಬಂತು. ಆಯಿಯ ಕಣ್ಣು ಬಾಗಿಲಲ್ಲಿ. ನಾನು ಪೇಟೆಗೆ ಹೋಗಿ ಒಂದು ಸೀರೆ ತಂದೆ, ನಾಲ್ಕೂ ಅಂಚಿಗೆ ನನ್ನ ಕೈಯಾರೆ ಕುಂಕುಮ ಹಚ್ಚಿದೆ, ಮೇಲೆ ಖಣವಿಟ್ಟೆ. "ಅಜ್ಜಗ ಮೊಣಕಾಲು ನೋವಂತ, ಬಸ್ಸಿನಾಗ ಕೊಟ್ಟು ಕಳಿಸ್ಯಾನ" ಎಂದೆ. ಅವಳು ಸೀರೆಯನ್ನು ಕೆನ್ನೆಗೆ ಒತ್ತಿಕೊಂಡಳು. ತಿರುಗಿ ಅವನಿಗೆಂದು ಒಂದು ಡಬ್ಬಿ ಉಂಡಿ ಕಟ್ಟಿಸಿದಳು. ಅದನ್ನು ಹಿಡಿದು ಬಸ್ ನಿಲ್ದಾಣಕ್ಕೆ ಹೋಗಿ, ಯಾರ್ಯಾರಿಗೋ ಹಂಚಿ ಬಂದೆ. "ಏನಂದ?" ಎಂದು ಎಷ್ಟು ದಿನ ಕೇಳಿದಳೋ — ಪ್ರತಿಸಲವೂ ಏನೋ ಒಂದನ್ನು ಕಟ್ಟಿ ಹೇಳಿದೆ.

ಆಯಿ ಹಾಸಿಗೆ ಬಿಟ್ಟು ಏಳಲಿಲ್ಲ; ಮುಂದಿನ ಪಂಚಮಿಗೂ ಅದನ್ನೇ ಮಾಡಿದೆ. ಈ ಸಲ ಆಯಿ ಸೀರೆ ಮುಟ್ಟಲಿಲ್ಲ.

"ಅಕ್ಕ ಬಿದ್ದು ವರ್ಷಾತು. ಒಮ್ಮಿ ಬಂದು ಮಾರಿ ತೋರಸಾಕ ಆಗಲಿಲ್ಲ, ಸೀರಿ ಕಳಸ್ತಾನ ದೊಡ್ಡ ಸಾವಕಾರ" ಎಂದಳು. ಆಮೇಲೆ, ಪಕ್ಕದ ಮನೆಯ ಗಂಗವ್ವನ ಕಡೆ ತಿರುಗಿ: "ನಾ ಸತ್ತರ ಅವನ ಮನಿ ಸೀರಿ ನನ್ನ ಮೈಮ್ಯಾಲ ಹಾಕಬ್ಯಾಡ್ರಿ."

ಆಗಲಾದರೂ ಹೇಳಬೇಕಿತ್ತು. ಮಾತು ಬಾಯಿತನಕ ಬಂದಿತ್ತು. ಆದರೆ ಈಗ ಹೇಳಿದರೆ ಸಾವಿನ ಜೊತೆ ನನ್ನ ಸುಳ್ಳನ್ನೂ ಹೇಳಬೇಕು — ಆಯಿ ನನ್ನನ್ನು ಹೇಗೆ ನೋಡಿಯಾಳು... ಅವಳ ಎದೆ ಒಡೆದೀತೆಂದಲ್ಲ, ನನ್ನ ಮುಖ ಉಳಿಯಲೆಂದು ಸುಮ್ಮನಾದೆ.

ಎರಡು ತಿಂಗಳಿಗೆ ಆಯಿ ಹೋದಳು. ನಮ್ಮಲ್ಲಿ ಹೆಣ್ಣುಮಗಳಿಗೆ ಕೊನೆಯ ಸೀರೆ ತವರಿನದು. ಬಸಣ್ಣಮಾವ ಶಿರಹಟ್ಟಿಯಿಂದ ಅದನ್ನು ತಂದಿದ್ದರು. ಅಪ್ಪ ಮಣ್ಣು ಮಾಡುವ ಏರ್ಪಾಟಿಗೆ ಹೋಗಿದ್ದ. ಗಂಗವ್ವ ಬಾಗಿಲಲ್ಲೇ ತಡೆದಳು: "ಬ್ಯಾಡಪಾ. ಅಕಿನೇ ಬ್ಯಾಡಂತ ಹೇಳ್ಯಾಳ."

ಮಾವ ನನ್ನನ್ನು ಹೊರಗೆ ಕರೆದರು. "ನಮ್ಮಪ್ಪ ಸತ್ತ ಮ್ಯಾಲೂ ಅತ್ತೀದು ಸಿಟ್ಟು ಇಳೀಲಿಲ್ಲೇನವಾ? ಏನ್ ತಪ್ಪು ಮಾಡಿದ್ದ ಅಂವ?"

ಅವರು ಸೀರೆಯನ್ನು ಮಡಿಕೆ ಕೆಡದಂತೆ ಚೀಲದಲ್ಲಿಟ್ಟುಕೊಂಡು ಹೋದರು. ಆಯಿಯನ್ನು ಮನೆಯ ಸೀರೆಯಲ್ಲೇ ಮಣ್ಣಿಗೆ ಕಳಿಸಿದೆವು.

ಈಗಲೂ ಸಂಜೆ ಮನೆಗೆ ಬಂದಾಗ ಅವಳ ರಾಟಿಯ ಸದ್ದಿಗೆ ಕಿವಿ ಕೊಡುತ್ತೇನೆ. ಒಮ್ಮೆ, ಒಂದೇ ಒಮ್ಮೆ ಅವಳು ಎದುರು ಕೂತರೆ — ಬೈಯಲಿ, ಹೊಡೆಯಲಿ. ತಮ್ಮನಿಗಾಗಿ ಅಳುವ ಹಕ್ಕನ್ನೂ ನಾನು ಅವಳಿಂದ ಕಸಿದುಕೊಂಡೆ.

ಅವಳಿಗೆ ಇನ್ನು ಹೇಳಲಾರೆ. ಬಸಣ್ಣಮಾವ ಇದ್ದಾರೆ. ನಾಳೆ ಶಿರಹಟ್ಟಿಗೆ ಹೋಗುತ್ತೇನೆ. ಕ್ಷಮೆ ಕೇಳುವುದಿಲ್ಲ. ಆಯಿ ಮುನಿದದ್ದು ಸತ್ತ ತಮ್ಮನ ಮೇಲಲ್ಲ, ಬಾರದ ತಮ್ಮನ ಮೇಲೆ. ಅವನನ್ನು ಬಾರದವನನ್ನಾಗಿ ಮಾಡಿದವಳು ನಾನು — ಇಷ್ಟನ್ನು ಅವರ ಮುಖ ನೋಡಿ ಹೇಳಬೇಕು.